ಮೊದಲು ತಾಯಿಗೆ ಬದಲಿ, ಆಮೇಲೆ ಬೆಡ್

ಪುಣೆಯಲ್ಲಿ ಮಾನಸಿಕ ಕಾಯಿಲೆಯ ಮಕ್ಕಳನ್ನು ಆಸ್ಪತ್ರೆಗೆ ಸೇರಿಸಲು ನೆರವಾಗುವ ಈ ಕೆಲಸ ಹಿಡಿದು 11 ವರ್ಷವಾಯಿತು. ನನ್ನ ಹತ್ತಿರ ಬರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕೂಲಿ ಕುಟುಂಬಗಳೇ ಜಾಸ್ತಿ. ಮಗುವಿನ ಮಾನಸಿಕ ಕಾಯಿಲೆ ಜೋರಾಗಿ, ವಾರ್ಡಿಗೆ ಸೇರಿಸಲೇಬೇಕು ಅಂತಾದಾಗ ನಾವೆಲ್ಲ ಮೊದಲು ಬೆಡ್‌ಗಾಗಿ ಫೋನು ತಿರುಗಿಸುತ್ತೇವೆ, ಅಲ್ವಾ? ನಾನೂ ಏಳೆಂಟು ವರ್ಷ ಅದನ್ನೇ ಮಾಡಿದೆ. ಬೆಡ್ ಸಿಗುತ್ತಿತ್ತು, ಮಗು ಸೇರುತ್ತಿರಲಿಲ್ಲ. ಸೇರಿದರೂ ಐದಾರು ದಿನಕ್ಕೆ ತಾಯಿ ಬಿಡಿಸಿಕೊಂಡು ಬಂದುಬಿಡುತ್ತಿದ್ದರು.

ಕಾರಣ ನಿಮಗೂ ಗೊತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಸೆಕ್ಷನ್. 18 ತುಂಬದ ಮಗುವಿನ ಜೊತೆ ಮನೆಯವರೋ ಅವರು ನೇಮಿಸಿದವರೋ ಡಿಸ್ಚಾರ್ಜ್ ಆಗುವವರೆಗೂ ಇರಲೇಬೇಕು. ನಾಲ್ಕು ಮನೆಯ ಪಾತ್ರೆ ತಿಕ್ಕಿ ತಿಂಗಳಿಗೆ ಒಂಬತ್ತು ಹತ್ತು ಸಾವಿರ ತರುವ ಹೆಂಗಸು ಅಷ್ಟು ದಿನ ಆಸ್ಪತ್ರೆಯಲ್ಲಿ ಕೂತರೆ ಆ ಮನೆಗಳು ಬೇರೆಯವರ ಪಾಲಾಗುತ್ತವೆ.

ಮೊದಲ ಪೆಟ್ಟು ತಿಂದಿದ್ದು 13 ವರ್ಷದ ಹುಡುಗನ ಕೇಸಿನಲ್ಲಿ. ಮಗುವನ್ನು ಸೇರಿಸಬೇಕೆಂದರೆ ಮನೋವೈದ್ಯರೊಬ್ಬರೂ ಸೇರಿದಂತೆ ಇಬ್ಬರು ಬೇರೆ ಬೇರೆಯಾಗಿ ನೋಡಿ ಚೀಟಿ ಬರೆಯಬೇಕು, ಅದೂ ಸೇರಿಸುವ ದಿನ ಅಥವಾ ಹಿಂದಿನ 7 ದಿನದೊಳಗೆ. ತಾಯಿಯ ರಜೆಗೆ ಕಾದು ನಾವು ಹೋಗಿದ್ದು ಒಂಬತ್ತನೇ ದಿನ. ಎರಡೂ ಚೀಟಿ ರದ್ದಿ. ಮತ್ತೆ ಫೀಸು, ಮತ್ತೆ ರಿಕ್ಷಾ, ಸುಮಾರು 3,000 ನೀರಿಗೆ ಹೋಯಿತು.

ಎರಡನೆಯದು ಪೂರ್ತಿ ನನ್ನದೇ ತಪ್ಪು. 15 ವರ್ಷದ ಹುಡುಗಿ, ತಾಯಿ ಇಲ್ಲ, ಅಪ್ಪ ಗೌಂಡಿ. ಹುಡುಗಿಗೆ ಅಪ್ಪನೇ ಪ್ರತಿನಿಧಿಯಾದರೆ, ಅಂದರೆ ಕಾಯ್ದೆ ಪ್ರಕಾರ ಅವಳ ಪರವಾಗಿ ಅರ್ಜಿ ಕೊಡುವವನಾದರೆ, ಜೊತೆಗೆ ಉಳಿಯುವವರು ಹೆಂಗಸೇ ಆಗಬೇಕು. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ಅದನ್ನೇ ಮರೆತಿದ್ದೆ! ರಾತ್ರಿ ವಾರ್ಡಿನ ಬಾಗಿಲಿನಿಂದ ವಾಪಸು. ಸೊಲ್ಲಾಪುರದಿಂದ ಸೋದರತ್ತೆಯನ್ನು ಕರೆಸುವಷ್ಟರಲ್ಲಿ ನಾಲ್ಕು ದಿನ ಹೋಯಿತು. ನಾಲ್ಕೂ ರಾತ್ರಿ ಅಪ್ಪ ಮನೆ ಬಾಗಿಲಿಗೆ ಅಡ್ಡ ಮಲಗಿದ್ದ.

ಅಲ್ಲಿಂದ ಲೆಕ್ಕ ತಿರುಗಿಸಿದೆ. ಮೊದಲು ತಾಯಿಯ ಮನೆಗೆಲಸಕ್ಕೆ ಬದಲಿ ಹೆಂಗಸು. ಅವಳು ಆ ನಾಲ್ಕು ಮನೆ ನೋಡಿಕೊಂಡು ಆ ತಿಂಗಳ ಪಗಾರ ತಗೊಳ್ಳುತ್ತಾಳೆ. ತಾಯಿಗೆ ನಾವು 6,000 ಕೊಡುತ್ತೇವೆ. ಆಮೇಲೆ ಬೆಡ್. ಚೀಟಿಗಳು ಎಲ್ಲಕ್ಕಿಂತ ಕೊನೆಗೆ.

ಜೊತೆಯವರು ನಕ್ಕರು. "ಅಕ್ಕಾ, ಇದು ಟ್ರೀಟ್‌ಮೆಂಟಾ, ಕೂಲಿ ಏಜೆನ್ಸಿಯಾ?" ಅಂದರು. ತಾಯಿಗೆ ಸಂಬಳ ಕೊಡಲು ಯಾವ ಖಾತೆಯಲ್ಲೂ ಜಾಗ ಇರಲಿಲ್ಲ. ಕೊನೆಗೆ ಕೊಟ್ಟವರು ಪರಿಚಯದ ಹೋಟೆಲಿನ ಶೆಟ್ಟರು, ಮೊದಲ ಸಲ 20,000. ಲೆಕ್ಕ ಕೇಳಲಿಲ್ಲ. "ಆ ತಾಯಿಗೆ ಊಟ ಯಾರು ಕೊಡ್ತಾರೆ?" ಅಂತ ಮಾತ್ರ ಕೇಳಿದರು. ಈಗ ಎರಡು ಹೊತ್ತಿನ ಡಬ್ಬಿ ಅವರಲ್ಲಿಂದಲೇ ಹೋಗುತ್ತದೆ.

ಎರಡು ವರ್ಷದಲ್ಲಿ ಹನ್ನೊಂದೋ ಹನ್ನೆರಡೋ ಮಕ್ಕಳು. ಒಂಬತ್ತು ಮಕ್ಕಳು ಡಾಕ್ಟರು ಕಳಿಸುವವರೆಗೂ ಉಳಿದರು. ಮುಂಚೆ ಸೇರಿಸುವುದಕ್ಕೇ ಮೂರು ವಾರ ಎಳೆಯುತ್ತಿತ್ತು, ಈಗ ನಾಲ್ಕೈದು ದಿನ. ಒಂದು ಮಗುವಿಗೆ ಎಲ್ಲ ಸೇರಿ ಎಂಟೊಂಬತ್ತು ಸಾವಿರ. ನಕ್ಕವರೇ ಈಗ ಬದಲಿ ಹೆಂಗಸಿನ ನಂಬರ್ ಕೇಳುತ್ತಾರೆ. ತಿಂಗಳಾದ ಮೇಲೆ ಅವಳು ಮನೆಗಳನ್ನು ವಾಪಸು ಬಿಟ್ಟುಕೊಡುವ ಹಾಗೆ ಹೇಗೆ ಮಾಡುತ್ತೀರಿ ಅಂತಲೂ ಕೇಳುತ್ತಾರೆ. ಅದನ್ನು ಹೇಳುವುದಿಲ್ಲ. ಅದೇ ಗಲ್ಲಿಯಿಂದ ಆರಿಸಬೇಡಿ, ಇಷ್ಟು ಸಾಕು.

ತಾಯಿಯ ಬದಲು ವಾರಕ್ಕೊಬ್ಬರಂತೆ ಇಬ್ಬರು ಹೆಂಗಸರನ್ನು ವಾರ್ಡಿನಲ್ಲಿ ಕೂರಿಸಿಯೂ ನೋಡಿದೆ. ಆಗಲಿಲ್ಲ. ಆಳು ಬದಲಾದ ದಿನ ಮಗು ಊಟವನ್ನೇ ಬಿಟ್ಟಿತು.

ಭಾಷೆಯದೂ ಒಂದು ಪ್ರಯೋಗ ನಡೆದಿದೆ. ಹುಡುಗನೊಬ್ಬ "ಕಿವ್ಯಾಗ ಒದರ್ತದ" (ಕಿವಿಯಲ್ಲಿ ಕೂಗುತ್ತದೆ) ಅಂದ. ಅವನ ಕಾಕಾ ಅದನ್ನು ಮರಾಠಿಗೆ ತಿರುಗಿಸುವಾಗ ಕಿವಿಯಲ್ಲಿ ಸದ್ದು ಅಂದುಬಿಟ್ಟ. ಹುಡುಗ ಸೀದಾ ಕಿವಿ ಡಾಕ್ಟರ ಹತ್ತಿರ ಹೋದ! ಒದರುತ್ತಿದ್ದದ್ದು ಅಲ್ಲಿಲ್ಲದ ಮನುಷ್ಯ ಅಂತ ಹದಿನೈದು ದಿನ ಯಾರಿಗೂ ತಿಳಿಯಲಿಲ್ಲ. ಇಂಥ ಸುಮಾರು ಅರವತ್ತು ಮಾತುಗಳ ಪಟ್ಟಿ ಮಾಡಿದೆ. ವಿಜಯಪುರದವರ ಮಾತು ಬೀದರಿನವರಿಗೆ ಹೊಂದಲಿಲ್ಲ, ಪಟ್ಟಿ ಮೂಲೆಗೆ ಬಿತ್ತು. ಈಗ ತಾಯಂದಿರಿಂದ ಕನ್ನಡದಲ್ಲೇ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ನಾನೇ ಮರಾಠಿಯಲ್ಲಿ ಬರೆದು ಕೇಸ್ ಪೇಪರಿಗೆ ಲಗತ್ತಿಸುತ್ತೇನೆ.

ಮಗು ವಾರ್ಡಿನಲ್ಲಿ 30 ದಿನ ತುಂಬಿಸಿದರೆ ಆಸ್ಪತ್ರೆಯವರು ರಿವ್ಯೂ ಬೋರ್ಡಿಗೆ, ಅಂದರೆ ಇಂಥ ದಾಖಲಾತಿಗಳನ್ನು ಪರಿಶೀಲಿಸುವ ಮಂಡಳಿಗೆ, ತಿಳಿಸಬೇಕು. ಆ ಕಾಗದವೇನೋ ಅವರೇ ನೋಡಿಕೊಳ್ಳುತ್ತಾರೆ. ನನ್ನ ತಲೆನೋವು ಎರಡನೇ ತಿಂಗಳು. ಅಷ್ಟರಲ್ಲಿ ಮನೆಯೊಡತಿಯರು ಹೊಸಬಳಿಗೆ ಒಗ್ಗಿಬಿಟ್ಟಿರುತ್ತಾರೆ. ಈಗ ಅಂಥದ್ದೊಂದು ಕೇಸು ನಡೆದಿದೆ, ಇನ್ನೂ 6,000 ಬೇಕು. ಶೆಟ್ಟರಿಗೆ ಇನ್ನೂ ಹೇಳಿಲ್ಲ.