ಮುಳ್ಳುಕಾಯಿ, ಅಕ್ಕಿಹಿಟ್ಟು ಮತ್ತು ಐದು ಹನಿ ಮದ್ದು

ಬದಿಯಡ್ಕ ಕಡೆಯ ಒಂದು ಸಬ್‌ಸೆಂಟರಿನಲ್ಲಿ ನಾನು ನರ್ಸ್. ಕೇರಳದಲ್ಲಿ 2019ರಲ್ಲಿ ಮಕ್ಕಳಿಗೆ ಜೋರು ಭೇದಿ ತರುವ ರೋಟಾವೈರಸ್ಸಿನ ಲಸಿಕೆ ಶುರುವಾದಾಗ ತಾಯಂದಿರಿಗೆ ನಾನು ಹೇಳುತ್ತಿದ್ದುದು ಒಂದೇ ಮಾತು, "ರೋಗನಿರೋಧಕ ಶಕ್ತಿ ಬರ್ತದೆ." ಅವರು ತಲೆಯಾಡಿಸುತ್ತಿದ್ದರು, ಅಷ್ಟೆ.

ಒಂದು ಬುಧವಾರ ಮೊಮ್ಮಗುವನ್ನು ಎತ್ತಿಕೊಂಡು ಬಂದ ಅಜ್ಜಿ ಕೇಳಿದರು, "ಸಿಸ್ಟರೇ, ಪೋಲಿಯೊ ಬಿಟ್ರೆ ಉಳಿದದ್ದೆಲ್ಲ ಸೂಜಿ. ಇದು ಮಾತ್ರ ಯಾಕೆ ಬಾಯಿಗೆ?"

ಎಂಥ ಒಳ್ಳೆಯ ಪ್ರಶ್ನೆ ಅಲ್ವಾ! ಈ ವೈರಸ್ ಕೆಲಸ ಮಾಡುವುದು ಸಣ್ಣ ಕರುಳಿನ ಒಳಪದರದಲ್ಲಿ. ಕಾವಲೂ ಅಲ್ಲೇ ಬೇಕು. ಬಾಯಿಂದ ಹೋದ ಹನಿ ಕರುಳನ್ನೇ ಎಚ್ಚರಿಸುತ್ತದೆ. ಆಗ ಐಜಿಎ ಎಂಬ ಪ್ರತಿಕಾಯ, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯಲು ಮೈಯೇ ಮಾಡಿಕೊಳ್ಳುವ ವಸ್ತು, ಕರುಳಿನೊಳಗೇ ಒಸರುತ್ತದೆ.

ಮುಂದಿನ ವಾರ ಗುಡ್ಡೆಯಿಂದ ಬಟ್ಟೆಗೆ ಅಂಟುವ ಮುಳ್ಳುಕಾಯಿ ತಂದೆ. ಬೈರಾಸಿನ (ಟವೆಲಿನ) ಮೇಲೆ ಹಾಕಿದೆ, ಕಚ್ಚಿಕೊಂಡಿತು. ರೋಟಾವೈರಸ್ಸಿನ ಮೈಮೇಲೂ ಇಂಥ 60 ಮುಳ್ಳುಗಳಿವೆ. ಅವುಗಳಿಂದಲೇ ಅದು ಕರುಳಿನ ಕೋಶವನ್ನು ಹಿಡಿಯುವುದು. ಆಮೇಲೆ ಕಾಯಿಗೆ ಕಲಸಿದ ಅಕ್ಕಿಹಿಟ್ಟು ಮೆತ್ತಿದೆ. ಈಗ ಬೈರಾಸಿನಿಂದ ಜಾರಿ ಬಿತ್ತು. "ಈ ಹಿಟ್ಟೇ ಪ್ರತಿಕಾಯ," ಎಂದೆ. ಅಜ್ಜಿ ತಾವೇ ಎರಡು ಸಲ ಮಾಡಿ ನೋಡಿದರು.

ಇನ್ನೊಂದು ಬಗೆಯ ಪ್ರತಿಕಾಯ ಇನ್ನೂ ಚಂದ. ಕೋಶದೊಳಗೆ ಹೋಗುವಾಗ ವೈರಸ್ ತನ್ನ ಹೊರಸಿಪ್ಪೆ ಕಳಚಬೇಕು. ಆಗಲೇ ಅದು ಮರಿಮಾಡಲು ಶುರುಮಾಡುವುದು. ಪ್ರತಿಕಾಯ ಆ ಸಿಪ್ಪೆಯನ್ನೇ ಬಿಗಿಯಾಗಿ ಹಿಡಿದುಬಿಡುತ್ತದೆ. ಸುಲಿಯದ ಅಡಿಕೆಯನ್ನು ಯಾರಾದರೂ ಜಗಿಯುತ್ತಾರಾ, ಎಂದು ಕೇಳಿದೆ. ಅಡಿಕೆ ತೋಟದವರಿಗೆ ಮತ್ತೆ ಹೇಳಬೇಕಾಗಲಿಲ್ಲ.

"ಎದೆಹಾಲಲ್ಲೂ ಇದೆಯಲ್ಲ, ಸಾಲದಾ?" ಎಂದರು ಒಬ್ಬ ತಾಯಿ. ಹಾಲಿನಲ್ಲಿ ಇರುವುದು ತಾಯಿಯ ಪ್ರತಿಕಾಯ. ಹಾಲು ನಿಂತರೆ ಅದೂ ನಿಂತಿತು. ಮಗು ತನ್ನದನ್ನು ತಾನೇ ಮಾಡಲು ಕಲಿಯಬೇಕು. ಅದಕ್ಕೇ 6, 10, 14 ವಾರಕ್ಕೆ ಮೂರು ಸಲ.

ಒಂದು ಮಾತು ಮೊದಲೇ ಹೇಳಬೇಕಿತ್ತು, ನಾನು ಹೇಳಿರಲಿಲ್ಲ. ಎರಡು ಡೋಸ್ ಆದ ಮಗುವಿಗೆ ಭೇದಿ ಹಿಡಿಯಿತು. ತಾಯಿ ಅಳುತ್ತಾ ಬಂದರು, "ಹಾಕಿದ್ದು ಸುಮ್ನೆ ಆಯ್ತಲ್ಲ." ಭೇದಿ ತರುವ ವೈರಸ್‌ಗಳು ಬೇರೆಯೂ ಇವೆ. ಈ ಹಿಟ್ಟು ಆ ಮುಳ್ಳಿಗೆ ಹೊಂದದು. ರೋಟಾವೈರಸ್ಸೇ ಬಂದರೂ, ಜೀವಕ್ಕೆ ಅಪಾಯ ಆಗುವಷ್ಟು ಜೋರಾಗುವುದನ್ನು ಲಸಿಕೆ ಬಹಳ ಮಟ್ಟಿಗೆ ತಡೆಯುತ್ತದೆ. ಓಆರ್‌ಎಸ್ ಕೊಟ್ಟೆವು, ಸತುವಿನ ಮದ್ದು 14 ದಿನ, ಎದೆಹಾಲು ನಿಲ್ಲಿಸಲಿಲ್ಲ. ಮಗು ಚೇತರಿಸಿತು. ಮೂರನೇ ಡೋಸಿಗೆ ನಾನು ಫೋನ್ ಮಾಡುವ ಮೊದಲೇ ಆ ತಾಯಿ ಬಂದು ಬೆಂಚಿನಲ್ಲಿ ಕೂತಿದ್ದರು.