ರೀಫಂಡ್ ಬಂದಿಲ್ವಾ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

2024ರ ಜುಲೈ 12ಕ್ಕೆ ಅಪ್ಪನ ಐಟಿ ರಿಟರ್ನ್ ಫೈಲ್ ಮಾಡಿದೆ. ಅವತ್ತೇ ಆಧಾರ್ ಓಟಿಪಿ ಹಾಕಿ ವೆರಿಫೈ ಮಾಡಿದ್ದೂ ಆಯಿತು. ಅಪ್ಪನಿಗೆ ಬರುವುದು ಪಿಂಚಣಿ, ಜೊತೆಗೆ ಎಫ್‌ಡಿ ಬಡ್ಡಿ. ಎರಡೂ ಸೇರಿಸಿದರೂ ತೆರಿಗೆ ಬೀಳುವುದಿಲ್ಲ. ಆದರೆ ನನಗೆ ತೆರಿಗೆ ಬೀಳುವುದಿಲ್ಲ, ಬಡ್ಡಿಯಲ್ಲಿ ಹಿಡಿಯಬೇಡಿ ಅಂತ ಹಿರಿಯರು ಕೊಡುವ 15ಎಚ್ ಫಾರಂ ಅನ್ನು ಆ ವರ್ಷ ಬ್ಯಾಂಕಿಗೆ ಕೊಟ್ಟಿರಲಿಲ್ಲ. ಬಡ್ಡಿ ಮೇಲೆ 18,600 ರೂಪಾಯಿ ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದಿದ್ದರು. ಅಷ್ಟೂ ವಾಪಸ್ ಬರಬೇಕಿತ್ತು.

ಆಗಸ್ಟ್ 20ಕ್ಕೆ ಮೇಲ್ ಬಂತು. ರಿಟರ್ನ್ ಪ್ರೊಸೆಸ್ ಆಗಿದೆ, ರೀಫಂಡ್ ಇದೆ ಅಂತ. ಅಪ್ಪ ಮಾರನೇ ದಿನವೇ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದರು. ಹಣ ಇಲ್ಲ. ಸೆಪ್ಟೆಂಬರಿನಲ್ಲೂ ಇಲ್ಲ, ಅಕ್ಟೋಬರಿನಲ್ಲೂ ಇಲ್ಲ. ಕೊನೆಗೆ ಬಂದಿದ್ದು 2025ರ ಫೆಬ್ರವರಿ 14ಕ್ಕೆ. ಅಷ್ಟರಲ್ಲಿ ಎರಡು ತಿಂಗಳು ನಾನು ಏನೂ ಮಾಡದೆ ಸುಮ್ನೆ ಕಾದಿದ್ದೆ. "ಸರ್ಕಾರದ ಕೆಲಸ, ನಿಧಾನ" ಅಂದುಕೊಂಡಿದ್ದೆ. ಆ ಎರಡು ತಿಂಗಳು ನಿಮಗಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಫೋನ್ ಎತ್ತುವ ಮೊದಲು ಪೋರ್ಟಲ್ ತೆರೆಯಿರಿ

ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ, ನೀವು ಸಲ್ಲಿಸಿದ ರಿಟರ್ನ್‌ಗಳ ಪಟ್ಟಿಗೆ ಹೋಗಿ. ಆ ವರ್ಷದ ರಿಟರ್ನ್ ಪಕ್ಕದಲ್ಲಿ ಅದು ಯಾವ ಹಂತದಲ್ಲಿದೆ ಅಂತ ಇರುತ್ತದೆ. "ರೀಫಂಡ್ ತಡ ಆಗಿದೆ" ಅಂತ ನಾವು ಒಂದೇ ಮಾತಿನಲ್ಲಿ ಹೇಳುತ್ತೇವೆ. ಆದರೆ ಒಳಗೆ ಕಾರಣ ನಾಲ್ಕೈದು ಇರಬಹುದು. ಒಂದೊಂದಕ್ಕೂ ತಟ್ಟಬೇಕಾದ ಬಾಗಿಲು ಬೇರೆ.

ರಿಟರ್ನ್ ಇನ್ನೂ ವೆರಿಫೈ ಆಗಿಲ್ಲ ಅಂತಿದ್ದರೆ ಬೇರೆ ಯಾರನ್ನೂ ಕೇಳುವ ಹಾಗಿಲ್ಲ. ಫೈಲ್ ಮಾಡಿದ 30 ದಿನದೊಳಗೆ ವೆರಿಫೈ ಮಾಡಬೇಕು. ಇಲ್ಲದಿದ್ದರೆ ಕೊಟ್ಟ ರಿಟರ್ನ್ ಲೆಕ್ಕಕ್ಕೇ ಬರುವುದಿಲ್ಲ.

ವೆರಿಫೈ ಆಗಿ ಪ್ರೊಸೆಸಿಂಗ್‌ನಲ್ಲಿದೆ ಅಂತಿದ್ದರೆ ಸ್ವಲ್ಪ ಕಾಯಬೇಕು. ಎಷ್ಟು ಅಂತ ಕೇಳಿದರೆ ಬೇಜಾರಾಗುತ್ತದೆ. ರಿಟರ್ನ್ ಸಲ್ಲಿಸಿದ ಹಣಕಾಸು ವರ್ಷ ಮುಗಿದ ಮೇಲೂ ಒಂಬತ್ತು ತಿಂಗಳವರೆಗೆ ಇಲಾಖೆಗೆ ಅವಕಾಶ ಇದೆ. 2024ರ ಜುಲೈಯಲ್ಲಿ ಕೊಟ್ಟ ರಿಟರ್ನ್‌ಗೆ 2025ರ ಡಿಸೆಂಬರ್ 31 ಕೊನೇ ದಿನ. ಹೆಚ್ಚಿನವು ಅದಕ್ಕಿಂತ ಎಷ್ಟೋ ಬೇಗ ಮುಗಿಯುತ್ತವೆ. ಆದರೂ ಈ ತಾರೀಕು ನೆನಪಿರಲಿ, ದೂರು ಬರೆಯುವಾಗ ಬೇಕಾಗುತ್ತದೆ. ಕಾಯುವಾಗ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿಗೆ ನೋಟಿಸ್ ಏನಾದರೂ ಬಂದು ಕೂತಿದೆಯಾ ಅಂತ ನೋಡುತ್ತಿರಿ. ರಿಟರ್ನ್‌ನಲ್ಲಿ ದೋಷ ಇದೆ ಅಂತ ಬಂದಿದ್ದರೆ ಸರಿಪಡಿಸಲು 15 ದಿನ ಸಮಯ. ಎಷ್ಟೋ ಸಲ ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ನಿಮ್ಮ ರೀಫಂಡನ್ನು ಹಳೇ ತೆರಿಗೆ ಬಾಕಿಗೆ ಹೊಂದಿಸುತ್ತೇವೆ ಅಂತ ಬಂದರೆ ಮಾತ್ರ ಒಂದು ದಿನವೂ ಸುಮ್ಮನಿರಬೇಡಿ. 245ನೇ ಸೆಕ್ಷನ್ ಕೆಳಗೆ ಬರುವ ಪತ್ರ ಅದು. ಉತ್ತರಕ್ಕೆ 21 ದಿನ ಇರುತ್ತದೆ. ಆ ಬಾಕಿ ನೀವು ಆಗಲೇ ಕಟ್ಟಿದ್ದರೆ, ಇಲ್ಲವೇ ಅದು ತಪ್ಪಾಗಿದ್ದರೆ, ಒಪ್ಪುವುದಿಲ್ಲ ಅಂತ ಆಯ್ಕೆ ಮಾಡಿ ಚಲನ್ ವಿವರ ಹಾಕಿ. ಉತ್ತರ ಕೊಡದಿದ್ದರೆ ಹಿಡಿದುಕೊಳ್ಳುತ್ತಾರೆ.

ಕೇಳಿದ್ದಕ್ಕಿಂತ ಕಮ್ಮಿ ಬಂದಿದ್ದರೆ ಫಾರಂ 26ಎಎಸ್ (ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ತೆಗೆದು ಟಿಡಿಎಸ್ ಹೊಂದುತ್ತದಾ ನೋಡಿ. ಅದರಲ್ಲಿ ಇಲ್ಲದ ಟಿಡಿಎಸ್ ನಿಮಗೆ ಸಿಗುವುದು ಕಷ್ಟ. ಹಿಡಿದವರು ತಮ್ಮ ಲೆಕ್ಕ ತಿದ್ದಿ ಸಲ್ಲಿಸಬೇಕು, ಆಮೇಲೆ ನೀವು ರೆಕ್ಟಿಫಿಕೇಶನ್, ಅಂದರೆ ಇಲಾಖೆಯ ಲೆಕ್ಕದ ತಿದ್ದುಪಡಿ, ಕೇಳಬೇಕು. ಪ್ಯಾನ್‌ಗೆ ಆಧಾರ್ ಜೋಡಿಸದೆ ಅದು ನಿಷ್ಕ್ರಿಯ ಆಗಿದ್ದರೂ ರೀಫಂಡ್ ನಿಲ್ಲುತ್ತದೆ.

ಅಂದ ಹಾಗೆ, ನಾನು ಹೇಳುತ್ತಿರುವ ಸೆಕ್ಷನ್‌ಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ. ಹಿಂದಿನ ವರ್ಷಗಳ ವಿಷಯಕ್ಕೆ ಹಳೇದೇ ನಡೆಯುತ್ತದೆ.

ನಮ್ಮದು ನಿಂತಿದ್ದು ಇನಿಷಿಯಲ್‌ನಲ್ಲಿ

ನವೆಂಬರ್ ಮೊದಲ ವಾರ ನೋಡಿದಾಗ ಅಪ್ಪನ ರಿಟರ್ನ್ ಪಕ್ಕ "ರೀಫಂಡ್ ಫೇಲ್ಡ್" ಅಂತ ಇತ್ತು. ಇಲಾಖೆಯಿಂದ ಹಣ ಹೊರಟಿದೆ, ಖಾತೆಗೆ ಸೇರದೆ ವಾಪಸ್ ಹೋಗಿದೆ. ಬ್ಯಾಂಕ್ ಖಾತೆಯ ಪುಟಕ್ಕೆ ಹೋದರೆ ಹೆಸರು ಹೊಂದುತ್ತಿಲ್ಲ ಅಂತ ಕೆಂಪಕ್ಷರ.

ರಾತ್ರಿ ಊಟ ಆದ ಮೇಲೆ ಪ್ಯಾನ್ ಕಾರ್ಡು, ಪಾಸ್‌ಬುಕ್ಕು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕೂತೆವು. ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು, ಹಿಂದೆ ಎರಡು ಇನಿಷಿಯಲ್. ಮೊದಲನೆಯದು ಊರಿನದು, ಎರಡನೆಯದು ಅಜ್ಜನದು. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದರು. ಊರಿನ ಹೆಸರು ಪೂರ್ತಿ, ಅಜ್ಜನ ಹೆಸರು ಪೂರ್ತಿ, ಕೊನೆಯಲ್ಲಿ ಅಪ್ಪನ ಹೆಸರು. ಅಪ್ಪ ಕನ್ನಡಕ ಏರಿಸಿ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. "ಎರಡೂ ನಾನೇ ಅಲ್ವಾ?" ಅಂದರು. ಹೌದು. ಆದರೆ ಕಂಪ್ಯೂಟರಿಗೆ ಅವರು ಇಬ್ಬರು.

ನಮ್ಮ ಕಡೆ ಇನಿಷಿಯಲ್ ಇರುವ ಹಿರಿಯರು ಜಾಸ್ತಿ. ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ಪ್ಯಾನ್, ಆಧಾರ್, ಪಾಸ್‌ಬುಕ್ ಮೂರನ್ನೂ ಹೀಗೆ ಪಕ್ಕಪಕ್ಕ ಇಟ್ಟು ನೋಡಿ. ಐಎಫ್ಎಸ್‌ಸಿ ಕೋಡ್ ಕೂಡ ನೋಡಿ. ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು 2019, 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದ ಮೇಲೆ ಅವುಗಳ ಹಳೇ ಕೋಡ್ ನಡೆಯುವುದಿಲ್ಲ. ಹಳೇ ಚೆಕ್ ಪುಸ್ತಕ ನೋಡಿ ಕೋಡ್ ತುಂಬಿಸಬೇಡಿ.

ಬೇರೆ ಖಾತೆ ಇದ್ದು, ಅದರಲ್ಲಿ ಹೆಸರು ಸರಿಯಾಗಿದ್ದರೆ ಅದನ್ನೇ ಪೋರ್ಟಲ್‌ನಲ್ಲಿ ಸೇರಿಸಿ ವ್ಯಾಲಿಡೇಟ್ ಮಾಡಿ, ಅಂದರೆ ಖಾತೆ ನಿಮ್ಮದೇ ಅಂತ ಖಚಿತಪಡಿಸಿ. ಅದೇ ಸುಲಭದ ದಾರಿ. ಅಪ್ಪನಿಗೆ ಇದ್ದಿದ್ದು ಅದೊಂದೇ ಖಾತೆ.

ಕಸ್ಟಮರ್ ಕೇರ್ ಜೊತೆ ಮಾತಾಡುವುದು

ಬ್ಯಾಂಕಿನ ಹೆಸರು ಇಲ್ಲಿ ಬೇಡ. ಮೊದಲ ಸಲ ಫೋನ್ ಮಾಡಿದಾಗ "ಇದು ತೆರಿಗೆಯವರ ಸಮಸ್ಯೆ, ಅವರನ್ನೇ ಕೇಳಿ" ಅಂದರು. ಎರಡನೇ ಸಲ, ನೆಟ್ ಬ್ಯಾಂಕಿಂಗ್‌ನಲ್ಲೇ ಹೆಸರು ಬದಲಿಸಿ ಅಂದರು. ಅಲ್ಲಿ ಅಂಥ ಆಯ್ಕೆಯೇ ಇರಲಿಲ್ಲ. ಮೂರನೇ ಸಲ ಶಾಖೆಗೆ ಹೋಗಿ ಅಂದರು. ಶಾಖೆಯಲ್ಲಿ ಅರ್ಜಿ ತೆಗೆದುಕೊಂಡು "ಮೇಲಿಂದ ಆಗಬೇಕು" ಅಂದರು. ಪ್ರತಿ ಸಲವೂ ಮೊದಲಿಂದ ಕಥೆ ಹೇಳಬೇಕು. ಅಪ್ಪ ಪಕ್ಕದಲ್ಲಿ ಕೂತು ನನ್ನ ಮುಖ ನೋಡುತ್ತಿರುತ್ತಿದ್ದರು. ಮೂರನೇ ಸಲ ನಾನು ಧ್ವನಿ ಏರಿಸಿದೆ. ಲೈನ್ ಕಟ್ಟಾಯಿತು. ಮತ್ತೆ ಮೊದಲಿಂದ.

ಆಮೇಲೆ ರೀತಿ ಬದಲಿಸಿದೆ. ಮಗಳ ಹಳೇ ರೂಲ್ಡ್ ನೋಟ್‌ಬುಕ್ ತೆಗೆದುಕೊಂಡು ಗೆರೆ ಎಳೆದೆ. ತಾರೀಕು, ಸಮಯ, ಮಾತಾಡಿದವರ ಹೆಸರು, ಏನು ಹೇಳಿದರು, ದೂರು ಸಂಖ್ಯೆ. ಫೋನ್ ಎತ್ತಿದವರಿಗೆ ಮೊದಲ ವಾಕ್ಯದಲ್ಲೇ ಹೇಳುತ್ತಿದ್ದೆ: "ಖಾತೆಯಲ್ಲಿರುವ ಹೆಸರನ್ನು ಪ್ಯಾನ್‌ನಲ್ಲಿರುವಂತೆ ಬದಲಿಸಬೇಕು. ಅರ್ಜಿ ಶಾಖೆಗೆ ಕೊಟ್ಟು ಇಷ್ಟು ದಿನ ಆಗಿದೆ. ಈಗ ಯಾರ ಹತ್ತಿರ ಇದೆ?" ರೀಫಂಡ್ ಅನ್ನುವ ಮಾತನ್ನೇ ಎತ್ತಲಿಲ್ಲ. ಆ ಮಾತು ಎತ್ತಿದರೆ ಸಾಕು, ತೆರಿಗೆಯವರ ಕಡೆ ಕೈ ತೋರಿಸುತ್ತಿದ್ದರು. ಯಾರನ್ನು ಕೇಳುತ್ತಿದ್ದೀರೋ ಅವರ ಕೈಯಲ್ಲಿ ಆಗುವುದನ್ನು ಮಾತ್ರ ಕೇಳಿ.

ದೂರು ಸಂಖ್ಯೆ ಸಿಗದೆ ಫೋನ್ ಇಡಬೇಡಿ. "ನೋಟ್ ಮಾಡಿಕೊಂಡಿದ್ದೇನೆ ಮೇಡಂ" ಅಂದರೆ "ಆಯ್ತು, ನಂಬರ್ ಹೇಳಿ, ನಾನೂ ಬರೆದುಕೊಳ್ಳುತ್ತೇನೆ" ಅನ್ನಿ. ಶಾಖೆಗೆ ಕೊಡುವ ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ನಾನು ಮೊದಲ ಅರ್ಜಿಗೆ ಸೀಲು ಹಾಕಿಸಿರಲಿಲ್ಲ. ಅರ್ಜಿ ಬಂದೇ ಇಲ್ಲ ಅಂದಾಗ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಎರಡನೇ ಅರ್ಜಿಯನ್ನು ಪ್ಯಾನ್, ಆಧಾರ್ ಪ್ರತಿಗಳ ಜೊತೆ ಕೊಟ್ಟು ಸೀಲು ಹಾಕಿಸಿದೆ. ಅದರ ಫೋಟೋ ತೆಗೆದು ಬ್ಯಾಂಕಿನ ನೋಡಲ್ ಅಧಿಕಾರಿಗೆ ಮೇಲ್ ಮಾಡಿದೆ. ಎಲ್ಲ ಬ್ಯಾಂಕಿನ ವೆಬ್‌ಸೈಟಿನಲ್ಲೂ ದೂರು ಕೇಳುವ ಅಧಿಕಾರಿಗಳ ಪಟ್ಟಿ ಇರುತ್ತದೆ. ಮೇಲ್‌ನಲ್ಲಿ ಬೈಗುಳ ಇರಲಿಲ್ಲ. ನೋಟ್‌ಬುಕ್ಕಿನ ಆರು ಸಾಲು ಹಾಗೇ ಇಳಿಸಿದ್ದೆ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗುತ್ತೇನೆ ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಅದು ಬೆದರಿಕೆ ಅಲ್ಲ, ಪ್ರತಿ ಗ್ರಾಹಕರಿಗೂ ಇರುವ ಹಕ್ಕು. ಅದಕ್ಕೆ ಶುಲ್ಕವೂ ಇಲ್ಲ. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಜನವರಿಯಲ್ಲಿ ಹೆಸರು ಬದಲಾಯಿತು.

ಫೋನಿನ ಆಚೆ ಕೂತವರಿಗೆ ಕಾಣುವುದು ಅವರ ಮುಂದಿನ ಪರದೆ ಮಾತ್ರ. ಅವರ ಮೇಲೆ ಕೂಗಾಡಿದರೆ ಆ ಪರದೆಯಲ್ಲಿ ಹೊಸದೇನೂ ಕಾಣುವುದಿಲ್ಲ. ಸಿಟ್ಟು ಬಂದ ದಿನ ಫೋನ್ ಮಾಡಬೇಡಿ, ಮೇಲ್ ಬರೆದು ಡ್ರಾಫ್ಟಿನಲ್ಲಿಡಿ. ಮಾರನೇ ಬೆಳಿಗ್ಗೆ ಓದಿ, ಅರ್ಧ ಅಳಿಸಿ ಕಳಿಸಿ.

ಮತ್ತೆ ಹಣ ಕಳಿಸಿ ಅಂತ ಕೇಳಬೇಕು

ಇದನ್ನು ತುಂಬ ಜನ ಮರೆಯುತ್ತಾರೆ. ಖಾತೆ ಸರಿಯಾದ ತಕ್ಷಣ ಹಣ ತಾನಾಗಿ ಬರುತ್ತದೆ ಅಂತ ಕೂರಬೇಡಿ. ಮೊದಲು ಪೋರ್ಟಲ್‌ನಲ್ಲಿ ಖಾತೆಯನ್ನು ಮತ್ತೆ ವ್ಯಾಲಿಡೇಟ್ ಮಾಡಬೇಕು. ಆಮೇಲೆ ಸರ್ವೀಸಸ್ ಕೆಳಗೆ "ರೀಫಂಡ್ ರೀಇಶ್ಯೂ" ಅಂತ ಇದೆ. ಅಲ್ಲಿ ಆ ವರ್ಷದ ರಿಟರ್ನ್, ಖಾತೆ ಎರಡನ್ನೂ ಆರಿಸಿ ಓಟಿಪಿ ಹಾಕಿದರೆ ಅರ್ಜಿ ಹೋಗುತ್ತದೆ. ನಾನು ಜನವರಿ 27ಕ್ಕೆ ಹಾಕಿದೆ. ಹದಿನೆಂಟು ದಿನಕ್ಕೆ ಹಣ ಬಂತು.

ನಿಮ್ಮ ಕಡೆ ಎಲ್ಲ ಸರಿಯಿದ್ದೂ ಬರುತ್ತಿಲ್ಲ ಅಂದರೆ ಪೋರ್ಟಲ್‌ನ ಗ್ರೀವೆನ್ಸ್ ವಿಭಾಗದಲ್ಲಿ ದೂರು ಕೊಡಿ. ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮುಂದಿನ ವರ್ಷ), ಅಕ್ನಾಲೆಜ್‌ಮೆಂಟ್ ಸಂಖ್ಯೆ, ಇಂಟಿಮೇಶನ್ (ರಿಟರ್ನ್ ಪ್ರೊಸೆಸ್ ಆಗಿದೆ ಅಂತ ಬಂದ ಪತ್ರ) ತಾರೀಕು, ಬರಬೇಕಾದ ಮೊತ್ತ, ಖಾತೆ ವ್ಯಾಲಿಡೇಟ್ ಆದ ತಾರೀಕು, ಇಷ್ಟು ಬರೆದರೆ ಸಾಕು. ಸ್ಕ್ರೀನ್‌ಶಾಟ್ ಲಗತ್ತಿಸಿ. ಅಲ್ಲೂ ಆಗದಿದ್ದರೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್ ಇದೆ. ಮಾಹಿತಿ ಹಕ್ಕು ಕಾಯ್ದೆ ಕೆಳಗೆ 10 ರೂಪಾಯಿ ಕಟ್ಟಿ ನಿಮ್ಮ ಫೈಲ್ ಎಲ್ಲಿದೆ ಅಂತ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಒಂದೇ ದಿನ ಎಲ್ಲ ಕಡೆ ದೂರು ಹಾಕಬೇಡಿ. ಒಂದು ಕಡೆಯ ಉತ್ತರ ಬಂದ ಮೇಲೆ ಅದನ್ನು ಲಗತ್ತಿಸಿ ಮುಂದಿನ ಕಡೆಗೆ ಹೋಗಿ.

ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಲೇಬೇಕು. ಕಾಯುತ್ತಿರುವವರನ್ನೇ ಮೋಸಗಾರರು ಹುಡುಕುತ್ತಾರೆ. ಡಿಸೆಂಬರಿನಲ್ಲಿ ಅಪ್ಪನ ಮೊಬೈಲಿಗೆ "ನಿಮ್ಮ ರೀಫಂಡ್ ಮಂಜೂರಾಗಿದೆ, ಖಾತೆ ಖಚಿತಪಡಿಸಿ" ಅಂತ ಲಿಂಕ್ ಸಮೇತ ಮೆಸೇಜ್ ಬಂತು. ಅಪ್ಪ ಖುಷಿಯಿಂದ ಕೂಗಿ ಕರೆದರು. ಬೆರಳು ಲಿಂಕ್ ಮೇಲೇ ಇತ್ತು. ನಾನು ಓಡಿಹೋಗಿ ಫೋನ್ ಕಿತ್ತುಕೊಂಡೆ. ರೀಫಂಡ್ ಕೊಡಲು ಇಲಾಖೆ ಫೋನ್ ಮಾಡಿ, ಮೆಸೇಜ್ ಕಳಿಸಿ ಓಟಿಪಿ, ಪಿನ್, ಕಾರ್ಡ್ ನಂಬರ್ ಕೇಳುವುದಿಲ್ಲ. ಸಹಾಯವಾಣಿ ನಂಬರನ್ನೂ ಗೂಗಲ್‌ನಲ್ಲಿ ಹುಡುಕಬೇಡಿ, ಪೋರ್ಟಲ್‌ನಿಂದಲೇ ತೆಗೆದುಕೊಳ್ಳಿ. ಮನೆಯಲ್ಲಿ ರೀಫಂಡ್ ಕಾಯುವ ಹಿರಿಯರಿದ್ದರೆ ಈ ಮಾತನ್ನು ಇವತ್ತೇ ಕೂರಿಸಿಕೊಂಡು ಹೇಳಿ.

ತಡಕ್ಕೆ ಬಡ್ಡಿ ಸಿಗುತ್ತದೆ. 244ಎ ಸೆಕ್ಷನ್ ಪ್ರಕಾರ ತಿಂಗಳಿಗೆ ಅರ್ಧ ಪರ್ಸೆಂಟ್. ಗಡುವಿನೊಳಗೆ ರಿಟರ್ನ್ ಕೊಟ್ಟಿದ್ದರೆ ಅಸೆಸ್‌ಮೆಂಟ್ ವರ್ಷದ ಏಪ್ರಿಲ್ 1ರಿಂದ ಲೆಕ್ಕ. ರೀಫಂಡ್ ಮೊತ್ತ ತೆರಿಗೆಯ ಶೇಕಡ 10ಕ್ಕಿಂತ ಕಮ್ಮಿ ಇದ್ದರೆ ಬಡ್ಡಿ ಇಲ್ಲ. ಅಪ್ಪನಿಗೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳಿಗೆ 465 ರೂಪಾಯಿ ಸೇರಿಸಿದ್ದರು. ಆಮೇಲಿನ ತಿಂಗಳುಗಳಿಗೆ ಸಿಗಲಿಲ್ಲ. ನಮ್ಮ ಕಡೆಯಿಂದ ಆದ ತಡಕ್ಕೆ ಬಡ್ಡಿ ಕೊಡುವುದಿಲ್ಲ. ಈ 465 ರೂಪಾಯಿ ಕೂಡ ಆದಾಯವೇ. ಮುಂದಿನ ರಿಟರ್ನ್‌ನಲ್ಲಿ ಇತರೆ ಆದಾಯದ ಕೆಳಗೆ ಅದನ್ನು ತೋರಿಸಿದೆ. ರೀಫಂಡ್‌ನ ಅಸಲನ್ನು ತೋರಿಸಬೇಕಾಗಿಲ್ಲ. 2025ರ ಏಪ್ರಿಲ್ ಮೊದಲ ವಾರ ಅಪ್ಪ 15ಎಚ್ ಫಾರಂ ತುಂಬಿ ಬ್ಯಾಂಕಿಗೆ ತಾವೇ ಕೊಟ್ಟುಬಂದರು. ಸೀಲು ಹಾಕಿಸಿದ ಪ್ರತಿ ಅದೇ ನೋಟ್‌ಬುಕ್ಕಿನಲ್ಲಿದೆ.