ಮಕ್ಕಳಿಲ್ಲದ ಶನಿವಾರ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಒಂದು ಅಡಿಕೆ ತೋಟದ ಅಂಚಿನಲ್ಲಿ ನಮ್ಮ ಶಿಶುವಿಹಾರ. ಗೋಡೆ ಇರುವ ಕೋಣೆ ಒಂದೇ. ಅದು ಅಡುಗೆಗೆ, ಮತ್ತೆ ಗುಡುಗು ಶುರುವಾದರೆ ಓಡಿ ಹೋಗಿ ಕೂರಲಿಕ್ಕೆ. ಉಳಿದದ್ದೆಲ್ಲ ಬ್ಯಾಣ ಅನ್ನುವ ಹುಲ್ಲುಗಾವಲು, ತೋಟಕ್ಕೆ ಸೊಪ್ಪು ತರುವ ಕಾಡು ಸೊಪ್ಪಿನಬೆಟ್ಟದ ಒಂದು ಮೂಲೆ, ಬೇಸಿಗೆಯಲ್ಲಿ ಪಾದ ಮುಳುಗುವಷ್ಟು ನೀರಿರುವ ಸಣ್ಣ ಹಳ್ಳ. ಮೂರರಿಂದ ಆರು ವರ್ಷದ 24 ಮಕ್ಕಳು, ನಾಲ್ವರು ಟೀಚರ್. ಆ ನಾಲ್ವರನ್ನು ತಯಾರು ಮಾಡುವ ಕೆಲಸ ನನ್ನದು. ಮಕ್ಕಳನ್ನು ನೋಡಿಕೊಳ್ಳುವುದೇ ಇದಕ್ಕಿಂತ ಸುಲಭ, ಸುಳ್ಳಲ್ಲ.

ತರಬೇತಿ ಅಂದರೆ ಹೇಳಿಕೊಡುವುದು ಅಂತ ಮೊದಲ ವರ್ಷ ನಂಬಿದ್ದೆ. ಶಾಲೆ ಶುರುವಾಗುವ ಮೊದಲು ಮೂರು ದಿನ ಕೂರಿಸಿಕೊಂಡು ಹೇಳಿದ್ದೇ ಹೇಳಿದ್ದು. ಡೆನ್ಮಾರ್ಕ್, ಜರ್ಮನಿಯ ಕಾಡಿನ ಶಿಶುವಿಹಾರಗಳು, 1920ರಲ್ಲಿ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಗುಜರಾತಿನ ಭಾವನಗರದಲ್ಲಿ ಶುರು ಮಾಡಿದ ಬಾಲಮಂದಿರ, ಎಲ್ಲ ಬಂತು. ಎಲ್ಲರೂ ನೀಟಾಗಿ ಬರೆದುಕೊಂಡರು. ಮಕ್ಕಳು ಬಂದ ದಿನ ನಾಲ್ವರ ಬಾಯಲ್ಲೂ ಒಂದೇ ಮಾತು: "ಮುಟ್ಟಬೇಡ, ಹತ್ತಬೇಡ, ಬಟ್ಟೆ ಕೊಳೆ ಆಗತ್ತೆ."

ಇವರೇನು ಪೇಟೆಯಲ್ಲಿ ಬೆಳೆದವರಲ್ಲ. ಕವಳಿ ಹಣ್ಣಿಗೆ ಮುಳ್ಳಲ್ಲಿ ಕೈ ಹಾಕಿ ಗೀರಿಸಿಕೊಂಡವರೇ. ಆದರೆ ಟೀಚರ್ ಅನ್ನಿಸಿಕೊಂಡ ತಕ್ಷಣ ಅದೆಲ್ಲ ಎಲ್ಲೋ ಹೋಗಿಬಿಡುತ್ತದೆ. ಅದನ್ನು ವಾಪಸು ತರಲಿಕ್ಕೆ ಶನಿವಾರ ಮಕ್ಕಳಿಗೆ ರಜೆ ಕೊಟ್ಟು ನಾವು ಐವರೇ ಬರಲಿಕ್ಕೆ ಶುರು ಮಾಡಿದೆವು.

ಮೊದಲ ಶನಿವಾರ ನಾನು ಹೇಳಿದ್ದು ಇಷ್ಟೇ: "ಒಂದು ಗಂಟೆ ಇದೆ, ಏನು ಬೇಕಾದರೂ ಮಾಡಿ." ಅರ್ಧ ಗಂಟೆ ಸುಮ್ನೆ ನಿಂತರು. ಒಬ್ಬರು ಮೊಬೈಲ್ ತೆಗೆದರು. ಆಮೇಲೆ ನಾಲ್ವರಲ್ಲಿ ಹಿರಿಯರಾದವರು ಉದುರಿದ್ದ ಅಡಿಕೆ ಹಾಳೆ ಎತ್ತಿಕೊಂಡು ಅದರ ಮೇಲೆ ಕೂತು, "ಎಳಿ ನೋಡೋಣ" ಅಂದರು. ಇಳಿಜಾರಲ್ಲಿ ಹಾಳೆ ತಿರುಗಿ ಇಬ್ಬರೂ ಮಣ್ಣಿಗೆ ಬಿದ್ದರು. ನಗು ನಿಂತ ಮೇಲೆ ಕೇಳಿದೆ, "ಎಲ್ಲಿ ಹೆದರಿಕೆ ಆಯ್ತು?" ಅಲ್ಲೊಂದು ಕಲ್ಲು ಎದ್ದಿದೆ ಅಂದರು. ಬೆಳಿಗ್ಗೆ ಮಕ್ಕಳು ಬರುವ ಮೊದಲು ಇಬ್ಬರು ಇಳಿಜಾರು ನಡೆದು ನೋಡಬೇಕು ಅನ್ನುವ ನಿಯಮ ಅವತ್ತು ಅವರ ಬಾಯಿಂದಲೇ ಬಂತು. ಅದನ್ನೇ ನಾನು ಮೊದಲು ಬರೆಸಿದ್ದೆ. ಯಾರೂ ಮಾಡಿರಲಿಲ್ಲ.

ಎಲ್ಲವನ್ನೂ ಹೀಗೆ ಬಿಡಲಿಕ್ಕೆ ಆಗುವುದಿಲ್ಲ. ವಿಷದ ಕಾಸರಕದ ಹಣ್ಣು, ಮೈ ತುರಿಸುವ ನಸುಗುನ್ನಿ ಯಾವುದು ಅಂತ ತೋರಿಸಿ, ಗುರುತು ಹಿಡಿಯುತ್ತಾರಾ ಅಂತ ಪರೀಕ್ಷೆ ಮಾಡುತ್ತೇನೆ. ಕಣ್ಣು ಹೋಗದ ಕಡೆ ಕೈ ಹೋಗಬಾರದು, ಇದು ಹಾವಿಗೂ ಚೇಳಿಗೂ ಸೇರಿ ಒಂದೇ ನಿಯಮ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ನಮ್ಮ ಪಕ್ಕದ ಸೊರಬ ತಾಲ್ಲೂಕಿನದೇ, 1957ರಲ್ಲಿ. ಹಾಗಾಗಿ ಡಿಸೆಂಬರ್‌ನಿಂದ ಮಳೆ ಹಿಡಿಯುವವರೆಗೆ ಸೊಪ್ಪಿನಬೆಟ್ಟಕ್ಕೆ ಹೋಗುವಂತಿಲ್ಲ, ಗುಡಿಸಿದ ಅಂಗಳ, ತೋಟ ಅಷ್ಟೇ. ಮನೆಗೆ ಕಳಿಸುವ ಮೊದಲು ಕಿವಿ ಹಿಂದೆ, ಕಂಕುಳು, ಕೂದಲ ಬುಡದಲ್ಲಿ ಉಣುಗು ಇದೆಯಾ ಅಂತ ನೋಡಲೇಬೇಕು. ಸತ್ತ ಮಂಗ ಕಂಡ ಸುದ್ದಿ ಬಂದರೆ ಅಂದಿನಿಂದಲೇ ರಜೆ. ಇಲ್ಲಿ ನಾನು ಚರ್ಚೆಗೆ ಕೂರುವುದಿಲ್ಲ, ಆರ್ಡರ್ ಮಾಡುತ್ತೇನೆ.

ಆದರೆ ಆರ್ಡರ್ ಮಾಡಬಾರದ ಕಡೆಯೂ ಒಮ್ಮೆ ಮಾಡಿದೆ. ನಮ್ಮಲ್ಲಿ ಒಂದು ಪೇರಲೆ ಮರ ಇದೆ. ಮಗು ತಾನೇ ಹತ್ತಿದಷ್ಟು ಎತ್ತರ ಅದರದ್ದು, ಎತ್ತಿ ಕೂರಿಸುವಂತಿಲ್ಲ. ಒಬ್ಬ ಹುಡುಗ ಎರಡನೇ ಕವಲಿಗೆ ಹೋಗಿದ್ದ. ಕೆಳಗಿದ್ದ ಟೀಚರ್ "ಬೀಳ್ತೀಯ, ಬೀಳ್ತೀಯ" ಅಂತ ಕೂಗುತ್ತಿದ್ದರು. ನಾನು ದೂರದಿಂದಲೇ "ಕೂಗಬೇಡ ಮಾರಾಯ್ತಿ!" ಅಂತ ಕೂಗಿದೆ. ಮಧ್ಯಾಹ್ನ ಅವರು ಬಂದು ಮೆಲ್ಲಗೆ ಕೇಳಿದರು, "ಅಕ್ಕಾ, ಮಕ್ಕಳಿಗೆ ಜೋರು ಮಾಡಬಾರದು ಅಂತೀರಿ. ನನಗೆ ಎಲ್ಲರೆದುರು ಮಾಡಬಹುದಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನಿಂದ ಒಂದು ನೋಟ್‌ಬುಕ್ ಹಿಡಿದು ದೂರ ಕೂರುತ್ತೇನೆ. ಕಂಡದ್ದು, ಕೇಳಿದ್ದು ಮಾತ್ರ ಬರೆಯುತ್ತೇನೆ. 'ಚೆನ್ನಾಗಿತ್ತು', 'ಸರಿಯಿಲ್ಲ' ಅಂತ ಒಂದು ಅಕ್ಷರ ಬರೆಯುವುದಿಲ್ಲ. ಮಧ್ಯಾಹ್ನ ಕಷಾಯ ಕುಡಿಯುತ್ತಾ ಆ ಪುಟ ಅವರ ಕೈಗೆ ಕೊಡುತ್ತೇನೆ. ಮೊದಲು ಅವರು ಮಾತಾಡಬೇಕು, ಆಮೇಲೆ ನಾನು. ಸುಮಾರು ಸಲ ನನ್ನ ಸರದಿಯೇ ಬರುವುದಿಲ್ಲ.

ತಿಂಗಳ ಮೇಲೆ ಅದೇ ಮರ, ಅದೇ ಹುಡುಗ, ಅದೇ ಟೀಚರ್. ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. "ಎಡಗಾಲು ಎಲ್ಲಿಡ್ತೀಯ ನೋಡು," ಅಂದರು. ಅವನು ಕಾಲಲ್ಲೇ ತಡಕಾಡಿ ಒಂದು ಗಂಟು ಹುಡುಕಿಕೊಂಡ. ಇಳಿಯಲಿಕ್ಕೆ 11 ನಿಮಿಷ. "ಕೈ ಏಳು ಸಲ ಮುಂದೆ ಬಂತು, ಏಳು ಸಲ ಹಿಂದೆ ಹೋಯ್ತು" ಅಂತ ಬರೆದಿದ್ದೆ. ಓದಿ ಬಿದ್ದು ಬಿದ್ದು ನಕ್ಕರು. "ಎಂಟು ಅಕ್ಕಾ, ಒಂದು ನಿಮಗೆ ಕಂಡಿಲ್ಲ."

"ಇನ್ನೂ ಎಬಿಸಿಡಿ ಬರೆಯಲ್ವಾ" ಅನ್ನುವ ಅಪ್ಪ-ಅಮ್ಮಂದಿರ ಕಥೆ ಬೇರೆಯೇ ಇದೆ. ಅವರನ್ನೂ ಒಂದು ಶನಿವಾರ ಹಾಳೆ ಮೇಲೆ ಕೂರಿಸಿದ್ದೇವೆ.

ಈ ಮಳೆಗಾಲ ಹೊಸ ಟೀಚರ್ ಒಬ್ಬರು ಬಂದರು. ಎರಡನೇ ದಿನವೇ ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿತು. ಕಿರುಚಿ, ಒಂದೇ ಕಾಲಲ್ಲಿ ಕುಣಿದರು. ನಾನು ಏಳಲಿಕ್ಕೆ ಹೊರಟೆ. ಪಕ್ಕದಲ್ಲಿದ್ದ ಹಿರಿಯ ಟೀಚರ್ ನನ್ನ ಮೊಣಕೈ ಹಿಡಿದು ಕೂರಿಸಿದರು. ಅಷ್ಟರಲ್ಲಿ ನಾಲ್ಕು ವರ್ಷದ ಒಬ್ಬಳು ಮೊಳೆಗೆ ನೇತು ಹಾಕಿದ್ದ ಉಪ್ಪಿನ ಗಂಟು ತಂದು ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದಳು. "ಎಳೀಬೇಡಿ ಅಕ್ಕಾ. ಅಲ್ಲಾಡಬೇಡಿ. ಅದೇ ಬೀಳತ್ತೆ."